ಐದು ತಾಸಿನ ನೀಲಿ

ಹಾಲು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ನಾನು ಅದನ್ನು ಮೂಸುವುದಿಲ್ಲ, ನಾಲಿಗೆಗೂ ತಾಗಿಸುವುದಿಲ್ಲ. ಹತ್ತು ಮಿಲಿ ಹಾಲು, ಅದಕ್ಕೆ ಒಂದು ಮಿಲಿ ಮಿಥಿಲೀನ್ ಬ್ಲೂ ಎಂಬ ಬಣ್ಣ, ಮೈಬಿಸಿಯಷ್ಟು ಬೆಚ್ಚಗಿನ ನೀರಿನ ತೊಟ್ಟಿ, ಗೋಡೆಗೊಂದು ಗಡಿಯಾರ. ಇಷ್ಟಿದ್ದರೆ ಸಾಕು. ಬಣ್ಣ ಬಿದ್ದ ಕೂಡಲೇ ಹಾಲು ತಿಳಿನೀಲಿಯಾಗುತ್ತದೆ. ಆ ನೀಲಿ ಅರ್ಧ ತಾಸಿನಲ್ಲಿ ಮಾಯವಾದರೆ ಹಾಲು ಕಳಪೆ. ಮೂರು ತಾಸು ನಿಂತರೆ ಉತ್ತಮ. ಐದು ತಾಸು ದಾಟಿದರೆ ಅತ್ಯುತ್ತಮ. ಶಿರಗುಂದಿಯ ಡೇರಿಯ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷ ನಾನು ಮಾಡಿದ ಕೆಲಸ ಇದು. ನೀಲಿ ನಿಂತರೆ ಸಂತೋಷ, ಹೋದರೆ ಬೇಜಾರು. ನಿದ್ದೆಗಣ್ಣಿನಲ್ಲಿ ಕೇಳಿದರೂ ಹಾಗೆಯೇ ಹೇಳುತ್ತಿದ್ದೆ. ನಮ್ಮೂರಿಗೆ ಆದದ್ದಕ್ಕೆ ಈ ರೂಢಿಯೇ ಕಾರಣ. ಅದಕ್ಕೇ ಮೊದಲು ಅದನ್ನು ಹೇಳಿಬಿಟ್ಟೆ.

ನನ್ನ ಹೆಸರು ಕಸ್ತೂರಿ ಬ್ಯಾಹಟ್ಟಿ. ನಮ್ಮ ಯಜಮಾನರು ಗುರುಸಿದ್ದಪ್ಪ. ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾಗದ ವಿಂಗಡಿಸಿದವರು. ಊರ ಹೆಸರು ಹೇಳಿದರೆ ಸಾಕು, ಪಿನ್‌ಕೋಡು ಬಾಯಿಗೆ ಬರುತ್ತಿತ್ತು. ನಿವೃತ್ತಿಯಾದ ಎರಡನೆಯ ವರ್ಷ ಮರೆವು ಹತ್ತಿತು. ಮೊದಲು ಪಿನ್‌ಕೋಡುಗಳು ಹೋದವು, ಆಮೇಲೆ ನೆರೆಮನೆಯವರ ಹೆಸರು, ಆಮೇಲೆ ಬಚ್ಚಲಿನ ದಾರಿ. ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಬಾಯಾರ, ಈ ಮನಿ ಯಜಮಾನ್ತಿ ಎಲ್ಲಿ ಹೋಗ್ಯಾಳ್ರೀ?" ಎಂದು ಕೇಳಿದರು. ಬಹಳ ಮರ್ಯಾದೆಯಿಂದಲೇ ಕೇಳಿದರು. ಹಂಚಿನ ಮೇಲಿದ್ದ ರೊಟ್ಟಿ ಕರಕಲಾಯಿತು.

ಆ ವರ್ಷವೇ ನೀಲಿಹನಿ ಎಂಬ ಮರೆವಿನ ಮದ್ದು ಬಂತು.

ಬಣ್ಣವೇನೂ ಹೊಸದಲ್ಲ. ನೂರೈವತ್ತು ವರ್ಷಗಳಿಂದ ಇರುವ ಅದೇ ಮಿಥಿಲೀನ್ ಬ್ಲೂ. ಬಟ್ಟೆಗೆ ಹಾಕುತ್ತಾರೆ, ಸೂಕ್ಷ್ಮದರ್ಶಕದ ಗಾಜಿಗೆ ಹಾಕುತ್ತಾರೆ. ರಕ್ತವು ಆಮ್ಲಜನಕ ಹೊರಲಾರದೆ ತುಟಿ ಕಪ್ಪಿಟ್ಟ ರೋಗಿಗೆ ಆಸ್ಪತ್ರೆಯಲ್ಲಿ ಸೂಜಿಯ ಮೂಲಕ ಇದನ್ನೇ ಕೊಡುತ್ತಾರೆ. ನಮ್ಮ ಒಂದೊಂದು ಜೀವಕೋಶದಲ್ಲೂ ಉಸಿರಿನಿಂದ ಶಕ್ತಿ ತೆಗೆಯುವ ಪುಟ್ಟ ಗಿರಣಿಗಳಿವೆ. ಅಲ್ಲಿ ಎಲೆಕ್ಟ್ರಾನುಗಳು ಕೈಯಿಂದ ಕೈಗೆ ದಾಟಬೇಕು. ವಯಸ್ಸಾದಂತೆ ಆ ಸಾಲಿನಲ್ಲಿ ಕೆಲವು ಕೈಗಳು ಸೋಲುತ್ತವೆ. ಸೋತಲ್ಲಿ ಈ ಬಣ್ಣ ಬದಲಿ ಹಮಾಲನ ಹಾಗೆ ನಿಂತು ಹೊರೆ ಹೊರುತ್ತದೆ. ಹೊರೆ ಹೊತ್ತಾಗ ಬಣ್ಣ ಬಿಟ್ಟು ನೀರಿನಂತಾಗುತ್ತದೆ, ಇಳಿಸಿದಾಗ ಮತ್ತೆ ನೀಲಿ. ಸ್ವಲ್ಪ ಕೊಟ್ಟರೆ ಸಹಾಯ, ಹೆಚ್ಚು ಕೊಟ್ಟರೆ ಅದೇ ದಾರಿಗೆ ಅಡ್ಡ ನಿಲ್ಲುತ್ತದೆ. ಹಳೆಯ ಬಣ್ಣ ಒಂದೆರಡು ದಿನದಲ್ಲಿ ಮೂತ್ರದ ಜೊತೆ ಹೋಗಿಬಿಡುತ್ತಿತ್ತು. ನೀಲಿಹನಿ ಮಾಡಿದವರು ಅದರ ಬಾಲಕ್ಕೆ ಇನ್ನೊಂದು ಕಣ ಅಂಟಿಸಿದ್ದರು. ಅದು ಪೂರ್ತಿ ಹೋಗುತ್ತಿರಲಿಲ್ಲ. ಅರ್ಧಕ್ಕರ್ಧ ಮಿದುಳಿನಲ್ಲೇ ಮನೆ ಮಾಡುತ್ತಿತ್ತು.

ತಾಲೂಕು ಕೇಂದ್ರದಲ್ಲಿ ದವಾಖಾನೆ ಇಟ್ಟಿದ್ದ ಡಾಕ್ಟರ್ ಗುತ್ತಲ ಎಂಬ ಹೆಣ್ಣುಮಗಳು ಮೊದಲೇ ಎಚ್ಚರಿಸಿದ್ದಳು. "ಮನಸ್ಸಿನ ಖಿನ್ನತೆಗೆ ಗುಳಗಿ ತಗೊಳ್ಳೋರು ಇದನ್ನ ಮುಟ್ಟಬಾರದ್ರಿ. ಎರಡೂ ಕೂಡಿದ್ರ ಮೈ ನಡುಗಿ, ಜ್ವರ ಏರಿ ಜೀವಕ್ಕ ಕುತ್ತು. ಕೆಲವರ ರಕ್ತದಾಗ ಹುಟ್ಟಿನಿಂದ ಒಂದು ಕೊರತಿ ಇರತೈತಿ, ಅವರಿಗೂ ಇದು ವಿಷ. ಉಳಿದವರೂ ನನ್ನ ಕೇಳಿ ತಗೋರಿ," ಎಂದಿದ್ದಳು. ಯಜಮಾನರು ಅಂಥ ಗುಳಿಗೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ರಕ್ತ ಪರೀಕ್ಷೆಯೂ ಆಯಿತು. ದಿನಕ್ಕೆರಡು ಹನಿ, ನಾಲಿಗೆಯ ಕೆಳಗೆ.

ಹದಿನೆಂಟನೆಯ ದಿನ ಬೆಳಿಗ್ಗೆ ಅವರು ಹಾಸಿಗೆಯ ಮೇಲೆ ಎದ್ದು ಕೂತು, "ಕಸ್ತೂರಿ, ನನ್ನ ಕನ್ನಡಕ ಟಪಾಲ ಚೀಲದಾಗ ಐತಿ ನೋಡ," ಎಂದರು. ಹೋಗಿ ನೋಡಿದೆ. ಇತ್ತು. ಮೂರು ವರ್ಷದಿಂದ ಕಳೆದಿದ್ದ ಕನ್ನಡಕ. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ಹುಚ್ಚಿ, ಕನ್ನಡಕ ಸಿಕ್ಕರ ಅಳತಾರೇನ?" ಎಂದು ನಕ್ಕರು. ಆ ನಗು ನನಗೆ ಚೆನ್ನಾಗಿ ನೆನಪಿದೆ. ಯಾಕೆಂದರೆ ಆಮೇಲೆ ಹೆಚ್ಚು ಸಿಗಲಿಲ್ಲ.

ಯಜಮಾನರನ್ನು ನೋಡಿ ಊರೇ ಹನಿ ಹಿಡಿಯಿತು. ಡೇರಿಯಲ್ಲಿ ಲೆಕ್ಕ ತಪ್ಪಬಾರದೆಂದು ನಾನೂ ಹಿಡಿದೆ. ನಾಲಿಗೆ ನೀಲಿಯಾದವರು ನಾಲಿಗೆ ಚಾಚಿ ತೋರಿಸಿಕೊಂಡು ತಿರುಗಿದರು. ಮೂತ್ರ ಬಣ್ಣಗಟ್ಟಿ ಚರಂಡಿಗಳಲ್ಲಿ ಗಿಳಿಹಸಿರು ನೀರು ಹರಿಯಿತು. ಬಿಳಿ ಪಂಚೆ ಉಡುವ ಗೌಡರೊಬ್ಬರು ಮುಜುಗರಕ್ಕೆ ಬಿದ್ದು ಕರಿ ಪ್ಯಾಂಟು ಹೊಲಿಸಿಕೊಂಡರು. ಪರೀಕ್ಷೆಗೆ ಕೂತ ಹುಡುಗಿಯರು, ರಾತ್ರಿ ಪಾಳಿಯ ಲಾರಿ ಚಾಲಕರು, ಹಾಲು ಹಿಂಡುವ ಹೆಂಗಸರು, ಎಲ್ಲರ ಸೊಂಟದಲ್ಲೂ ಆ ಪುಟ್ಟ ಬಾಟಲಿ. ಎರಡು ಹನಿ ನಾಲ್ಕಾಯಿತು, ನಾಲ್ಕು ಎಂಟಾಯಿತು. ಒಳ್ಳೆಯದು ಹೆಚ್ಚು ತೆಗೆದುಕೊಂಡರೆ ಹೆಚ್ಚು ಒಳ್ಳೆಯದು ಎಂದು ಎಲ್ಲರೂ ತಿಳಿದರು, ನಾನೂ ಹಾಗೇ ತಿಳಿದೆ.

ಹನಿ ಬಿಟ್ಟ ಹತ್ತು ನಿಮಿಷಕ್ಕೆ ಉಗುರಿನ ಅಡಿಯಲ್ಲಿ ನೀಲಿ ಮೂಡುತ್ತಿತ್ತು. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಮಾಯವಾಗಿ ಉಗುರು ಮತ್ತೆ ಕೆಂಪಗಾಗುತ್ತಿತ್ತು. ಮಹಿಳಾ ಹಾಲಿನ ಸಂಘದ ಅಧ್ಯಕ್ಷೆ ಚೆನ್ನವ್ವ ಗಾಣಿಗೇರ ಒಂದು ದಿನ ಕ್ಯಾನು ಇಳಿಸಲು ಬಂದವಳು ನನ್ನ ಮುಂದೆ ಕೈ ಚಾಚಿದಳು.

"ಮೇಡಮ್ಮಾರ, ಮೊದಲ ಈ ನೀಲಿ ಇಪ್ಪತ್ತ ನಿಮಿಷಕ್ಕ ಹೋಗತಿತ್ರಿ. ಈಗ ಎರಡ ತಾಸ ನಿಂದರಾಕತ್ತೈತಿ. ಚೊಲೋನೋ ಕೆಟ್ಟದ್ದೋ?"

ನನ್ನ ಎದುರಿಗೆ ಆಗ ಮೂವತ್ತಾರು ಕೊಳವೆ ಹಾಲು ಬಿಸಿನೀರಿನಲ್ಲಿ ನಿಂತಿತ್ತು. ನಾನು ತಲೆ ಎತ್ತದೆ ಹೇಳಿದೆ: "ಚೊಲೋನ ಐತಿ ಬಿಡ ಚೆನ್ನವ್ವ. ನೀಲಿ ನಿಂತಷ್ಟೂ ಶುದ್ಧ."

ಇಷ್ಟೇ ನಾನು ಹೇಳಿದ್ದು. ಬೇರೆ ಯಾವ ಊರಿನ ಯಾವ ಹೆಂಗಸೂ ಇದನ್ನು ಹೇಳುತ್ತಿರಲಿಲ್ಲ, ಹೇಳಿದ್ದರೂ ಯಾರೂ ನಂಬುತ್ತಿರಲಿಲ್ಲ. ಆದರೆ ನಮ್ಮದು ಹಾಲಿನ ಊರು. ಮನೆಮನೆಯಲ್ಲೂ ಆ ಪರೀಕ್ಷೆ ಗೊತ್ತು. ಸಂಜೆಯೊಳಗೆ ಮಾತು ಹಬ್ಬಿತು. ವಾರದೊಳಗೆ ಡೇರಿಯ ದರ್ಜೆಯ ಪಟ್ಟಿಯನ್ನೇ ಯಾರೋ ಅಚ್ಚು ಹಾಕಿಸಿ ಮೇಲೆ ಒಂದು ಹೆಬ್ಬೆಟ್ಟಿನ ಚಿತ್ರ ಬಿಡಿಸಿದರು. ಅರ್ಧ ತಾಸು ಕಳಪೆ, ಐದು ತಾಸು ಅತ್ಯುತ್ತಮ. ಕ್ಷೌರದ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ದೇವರ ಫೋಟೋದ ಪಕ್ಕದಲ್ಲಿ ಅದು ತೂಗಾಡಿತು. ಹೆಣ್ಣು ನೋಡಲು ಬಂದವರು, "ಹುಡುಗೀದು ಎಷ್ಟ ತಾಸಿನ ನೀಲಿ?" ಎಂದು ಕೇಳತೊಡಗಿದರು. ಅರ್ಧ ತಾಸಿನವರು ನಾಚಿಕೆಯಿಂದ ಇನ್ನೆರಡು ಹನಿ ಹೆಚ್ಚು ಹಾಕಿಕೊಂಡರು.

ಡೇರಿಯಲ್ಲಿ ವರ್ಷಕ್ಕೊಮ್ಮೆ ಉತ್ತಮ ಹಾಲು ಹಾಕಿದವರಿಗೆ ಶಾಲು ಹೊದಿಸುವುದು ರೂಢಿ. ಆ ವರ್ಷ ಸಂಘದವರು ಉತ್ತಮ ನೀಲಿಗೂ ಒಂದು ಶಾಲು ತಂದರು. ಚೆನ್ನವ್ವನದು ಆರು ತಾಸು ಹತ್ತು ನಿಮಿಷ. ಗಡಿಯಾರ ಹಿಡಿದು ಘೋಷಿಸಿದವಳು ನಾನೇ. ಶಾಲು ಹೊದಿಸುವಾಗ ಅವಳ ಕೈ ಮುಟ್ಟಿದೆ. ಮಟಮಟ ಮಧ್ಯಾಹ್ನದಲ್ಲಿ ಅದು ಹಾಲಿನ ಕ್ಯಾನಿನಷ್ಟು ತಣ್ಣಗಿತ್ತು. ಜನ ಚಪ್ಪಾಳೆ ಹೊಡೆದರು. ಅವಳು ನಗಲಿಲ್ಲ, ಅಳಲೂ ಇಲ್ಲ, ಹೇಳಿದ ಕಡೆ ನಿಂತು ಹೇಳಿದ ಕಡೆ ಕೂತಳು.

ಮೂರನೆಯ ದಿನ ಅವಳು ತೀರಿಕೊಂಡಳು. ಕಟ್ಟೆಯ ಮೇಲೆ ಕೂತಲ್ಲೇ. ಬೆಳಿಗ್ಗೆ ಏಳಕ್ಕೆ ಹೋದವರು ಮಾತಾಡಿಸಿ ಹೋದರು, ಒಂಬತ್ತಕ್ಕೆ ಹೋದವರೂ ಮಾತಾಡಿಸಿ ಹೋದರು. ಹೆಚ್ಚು ತಾಸಿನವರು ಹಾಗೆ ಸುಮ್ಮನೆ ಕಣ್ಣು ಬಿಟ್ಟು ಕೂರುವುದು ಊರಿಗೆ ಅಭ್ಯಾಸವಾಗಿಬಿಟ್ಟಿತ್ತು. ಮಧ್ಯಾಹ್ನ ಎರಡಕ್ಕೆ ಎಮ್ಮೆ ಒದರಿತು ಎಂದು ಸೊಸೆ ಹೊರಗೆ ಬಂದಾಗಲೇ ತಿಳಿದದ್ದು. ಉಗುರುಗಳು ಆಗಲೂ ಕಡುನೀಲಿ. "ಶುದ್ಧ ಜೀವ, ಕೂತಲ್ಲೇ ಶಿವನ ಪಾದ ಸೇರ್ತು," ಎಂದು ಜನ ಆ ಕೈಗಳಿಗೆ ನಮಸ್ಕರಿಸಿದರು.

ಡಾಕ್ಟರ್ ಗುತ್ತಲ ಬಂದು ನಮ್ಮ ಯಜಮಾನರ ಬೆರಳಿಗೆ ಆಮ್ಲಜನಕ ಅಳೆಯುವ ಚಿಮಟಿ ಸಿಕ್ಕಿಸಿದಳು. ಅಂಕಿ ಎಪ್ಪತ್ತಕ್ಕೆ ಇಳಿಯಿತು. "ಆದ್ರ ಇದನ್ನ ನಂಬೂ ಹಾಂಗಿಲ್ರಿ. ಈ ಚಿಮಟಿ ಬೆಳಕಿನಿಂದ ಅಳೀತೈತಿ, ನೀಲಿ ಬಣ್ಣ ಇದ್ರ ಸುಳ್ಳ ಹೇಳತೈತಿ. ಸುಳ್ಳ ಎಷ್ಟು, ಖರೇ ಎಷ್ಟು ಅಂತ ನನಗ ತಿಳೀವಲ್ದು," ಎಂದಳು. ಅವಳ ಮುಖದಲ್ಲಿ ಭಯವಿತ್ತು. ನನಗೆ ಭಯವಾಗಲಿಲ್ಲ. ಅವರದು ಐದು ತಾಸು ಆಗಿತ್ತಲ್ಲ! ನನಗೆ ಹೆಮ್ಮೆಯಾಗಿತ್ತು. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ಮನೆಯಲ್ಲಿ ಮಾತ್ರ ಏನೋ ಸರಿಯಿರಲಿಲ್ಲ. ಯಜಮಾನರಿಗೆ ಎಲ್ಲವೂ ನೆನಪಿತ್ತು. ಮದುವೆಗೆ ಬಂದವರ ಹೆಸರು, ಅವರು ಕೂತ ಪಂಕ್ತಿ. ಆದರೆ ಹಸಿವು ಅನ್ನುತ್ತಿರಲಿಲ್ಲ, ಕೊಟ್ಟರೆ ತಿನ್ನುತ್ತಿದ್ದರು. ಬೇಸಿಗೆಯಲ್ಲೂ ಬೆವರಲಿಲ್ಲ. ಸಂಜೆ ಜಗುಲಿಯಲ್ಲಿ ನಾವಿಬ್ಬರೂ ಕೂತರೆ ನಮ್ಮ ಮೇಲೆ ಒಂದೇ ಒಂದು ಸೊಳ್ಳೆ ಕೂರುತ್ತಿರಲಿಲ್ಲ. ಮೊದಮೊದಲು ಅದೂ ಹನಿಯ ಉಪಕಾರವೇ ಎಂದುಕೊಂಡಿದ್ದೆ. ನಮಗೊಂದು ಹೆಣ್ಣು ಮಗು ಹುಟ್ಟಿ ಒಂಬತ್ತು ದಿನಕ್ಕೆ ತೀರಿತ್ತು. ಇಪ್ಪತ್ತೇಳು ವರ್ಷ ಅವರು ಆ ಮಾತು ಎತ್ತಿದವರಲ್ಲ, ಯಾರಾದರೂ ಎತ್ತಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಒಂದು ಸಂಜೆ ಊರುಗಳ ಪಿನ್‌ಕೋಡುಗಳನ್ನು ಒಂದೊಂದಾಗಿ ಹೇಳುತ್ತ ಬಂದವರು, ಅದೇ ದನಿಯಲ್ಲಿ, ಅದೇ ಉಸಿರಿನಲ್ಲಿ, "ಮಗಳು, ಎರಡು ಕಿಲೋ ನೂರ ಹತ್ತು ಗ್ರಾಂ, ಬುಧವಾರ ಹೋತು," ಎಂದು ಹೇಳಿ ಮುಂದಿನ ಪಿನ್‌ಕೋಡಿಗೆ ಹೋದರು. ನಾನು ಅವರ ಮುಖ ನೋಡಿದೆ. ಮುಖದಲ್ಲಿ ಯಾರೂ ಇರಲಿಲ್ಲ.

ಅವತ್ತು ನನಗೆ ಕೈ ನೋವಿತ್ತು, ಹಾಲಿಗೆ ಹೆಪ್ಪು ಹಾಕಿದವರು ಅವರು. ಬೆರಳಿನಲ್ಲೇ ಕಲಸಿದರು. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು. ಅದೇ ಹಾಲಿಗೆ ಮರುದಿನವೂ ಅವರಿಂದಲೇ ಹೆಪ್ಪು ಹಾಕಿಸಿದೆ. ಮೊಸರಾಗಲಿಲ್ಲ, ಹುಳಿಯಲಿಲ್ಲ, ಒಡೆಯಲೂ ಇಲ್ಲ. ಮೂರನೆಯ ದಿನ ಅದನ್ನು ಡಬ್ಬಿಯಲ್ಲಿ ಡೇರಿಗೆ ಒಯ್ದು ಕೊಳವೆಗೆ ಹಾಕಿ ನೀಲಿ ಬೆರೆಸಿದೆ. ಮೂರು ದಿನದ ಹಾಲು. ನಿಮಿಷದಲ್ಲಿ ಬಣ್ಣ ಹೋಗಬೇಕಿತ್ತು. ಮೂರು ತಾಸಾಯಿತು, ನಿಂತಿತ್ತು. ಐದು ತಾಸಾಯಿತು, ನಿಂತಿತ್ತು.

"ನೋಡ ದಾವಲಸಾಬ, ಮೂರ ದಿನದ ಹಾಲು, ಇನ್ನೂ ಅತ್ಯುತ್ತಮ!" ಎಂದೆ. ದಾವಲಸಾಬ ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು, ಕ್ಯಾನುಗಳಿಂದ ಮಾದರಿ ತೆಗೆಯುವವನು. ಹನಿಯನ್ನು ಎಂದೂ ಮುಟ್ಟಿರಲಿಲ್ಲ, ನಮಾಜಿಗೆ ನಾಲಿಗೆ ನೀಲಿ ಮಾಡಿಕೊಂಡು ಹೋಗಲು ನಾಚಿಕೆ ಎನ್ನುತ್ತಿದ್ದ. ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಹಾಲು ಚೊಲೋ ಐತಿ ಅಂತ ನಿಂತಿಲ್ರೀ ಮೇಡಮ್ಮಾರ. ಇದರಾಗ ಏನೂ ಉಳದಿಲ್ಲ. ಕೊತಕೊತ ಕುದಿಸಿಟ್ಟ ಹಾಲಿಗೂ ಹಿಂಗ ನಿಂದರತೈತಲ್ರೀ ನೀಲಿ? ಜೀವ ಇದ್ರ ಅಲ್ರೀ ಬಣ್ಣ ತಿನ್ನೂದು. ಹೆಪ್ಪಿನ ಹುಳಾನೂ ಸತ್ತಾವು."

ಅವನು ಹೇಳಿದ್ದು ನಾನು ಮೊದಲ ವರ್ಷ ಓದಿದ್ದ ಪಾಠ. ಹಾಲಿನಲ್ಲಿ ನೀಲಿ ಯಾಕೆ ಮಾಯವಾಗುತ್ತದೆ? ಅದರೊಳಗಿನ ಸೂಕ್ಷ್ಮಜೀವಿಗಳು ಉಸಿರಾಡುತ್ತ ಬಣ್ಣಕ್ಕೆ ಹೊರೆ ಹೊರಿಸುತ್ತವೆ, ಅದಕ್ಕೆ. ನೀಲಿ ನಿಲ್ಲುವುದೆಂದರೆ ಉಸಿರಾಡುವುದು ಏನೂ ಇಲ್ಲ ಎಂದು. ಹಾಲಿನಲ್ಲಿ ನಮಗೆ ಬೇಕಾದದ್ದು ಜೀವ ಇಲ್ಲದಿರುವುದು. ಮನುಷ್ಯನಲ್ಲಿ?

ಆ ಹೆಪ್ಪು ಕಲಸಿದ್ದು ಅವರ ಬೆರಳು. ತಾಜಾ ಹೆಪ್ಪನ್ನು ನೀರಿನಲ್ಲಿ ಕದಡಿ ಎರಡು ಕೊಳವೆಗೆ ಹಾಕಿದೆ. ಒಂದನ್ನು ಹಾಗೇ ಬಿಟ್ಟೆ, ಇನ್ನೊಂದನ್ನು ಕುದಿಸಿ ಆರಿಸಿದೆ. ಎರಡಕ್ಕೂ ನೀಲಿ ಬಿಟ್ಟೆ. ಮೊದಲಿನದು ಹನ್ನೊಂದು ನಿಮಿಷಕ್ಕೆ ಬೆಳ್ಳಗಾಯಿತು. ಕುದಿಸಿದ್ದು ನೀಲಿಯಾಗಿಯೇ ಉಳಿಯಿತು. ಚೆನ್ನವ್ವನ ಉಗುರಿನದೇ ನೀಲಿ. ಗೋಡೆಯ ಪಟ್ಟಿಯಲ್ಲಿ ಅತ್ಯುತ್ತಮ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ನಾನು ಐದು ತಾಸಿನ ನನ್ನ ಗಂಡನನ್ನು ನೆನೆದು ಎದ್ದು ದವಾಖಾನೆಗೆ ಓಡಿದೆ.

ಡಾಕ್ಟರ್ ಗುತ್ತಲ ಎಲ್ಲ ಕೇಳಿದಳು. ಬಾಡಿಗೆ ಹಮಾಲ ಸದಾ ಹೊರುತ್ತಿದ್ದರೆ ಮನೆಯ ಆಳುಗಳು ಕೆಲಸ ಬಿಟ್ಟು ಹೋಗುತ್ತಾರಲ್ಲ, ಜೀವಕೋಶಗಳಲ್ಲಿ ಆದದ್ದೂ ಅದೇ ಇರಬೇಕು ಎಂದಳು. "ಒಮ್ಮೆಲೇ ನಿಲ್ಲಿಸಬ್ಯಾಡ್ರಿ, ಕುಸಿದ ಬಿಡತಾರ. ದಿನಾ ಇಷ್ಟಿಷ್ಟ ತೆಳ್ಳಗ ಮಾಡಿ ಹಾಕ್ರಿ. ಆದ್ರ ಮರವು ಹೊಳ್ಳಿ ಬರತೈತಿ, ಕಸ್ತೂರಿಬಾಯಾರ. ಅದಕ್ಕ ತಯಾರಾಗ್ರಿ."

ಊರಿಗೆ ಹೇಳಿದೆ. ಮನೆಮನೆಗೆ ಹೋಗಿ ಪಟ್ಟಿ ಹರಿದೆ. "ತಪ್ಪ ಹೇಳಿದೆ, ನನ್ನದ ತಪ್ಪು, ನೀಲಿ ಬೇಗ ಹೋದ್ರನ ಚೊಲೋ," ಎಂದು ಕೈ ಮುಗಿದೆ. ಕೆಲವರು ಕೇಳಿದರು. ಹೆಚ್ಚಿನವರು ಅಲುಗಾಡದ ಕಣ್ಣುಗಳಿಂದ ನನ್ನನ್ನು ನೋಡಿ, ನಾನು ಯಾವ ದಿನ, ಯಾವ ಹೊತ್ತಿಗೆ, ಯಾವ ಮಾತಿನಲ್ಲಿ ಚೆನ್ನವ್ವನಿಗೆ ಏನು ಹೇಳಿದ್ದೆ ಎಂಬುದನ್ನು ಅಕ್ಷರ ಬಿಡದೆ ನನಗೇ ಒಪ್ಪಿಸಿದರು. ಸಿಟ್ಟಿಲ್ಲ, ಜಗಳವಿಲ್ಲ. ನಾನು ಹೊರಟ ಮೇಲೆ ಹರಿದ ಪಟ್ಟಿಯನ್ನು ಗಂಜಿ ಹಚ್ಚಿ ಮತ್ತೆ ಅಂಟಿಸಿದರು.

ಮನೆಯಲ್ಲಿ ಯಜಮಾನರಿಗೆ ತಿಳಿಸದೆ ಬಾಟಲಿಗೆ ನೀರು ಬೆರೆಸತೊಡಗಿದೆ. ಪ್ರತಿದಿನ ಸ್ವಲ್ಪ. ನನ್ನ ಬಾಟಲಿಗೂ ಬೆರೆಸಿದೆ, ನನ್ನದೂ ಮೂರೂವರೆ ತಾಸು ಮುಟ್ಟಿತ್ತಲ್ಲ. ಅವರದು ಐದು ತಾಸು ನಾಲ್ಕಾಯಿತು, ಮೂರಾಯಿತು. ಮೂರಕ್ಕೆ ಬಂದ ದಿನ ಅವರು ಮೊದಲ ಬಾರಿ ಚಳಿ ಎಂದು ಶಾಲು ಕೇಳಿದರು. ಎರಡಕ್ಕೆ ಬಂದ ದಿನ ಪಲ್ಯಕ್ಕೆ ಉಪ್ಪಿಲ್ಲ ಎಂದು ಗೊಣಗಿದರು. ಆ ಗೊಣಗಾಟವನ್ನು ಒಳಗೆ ಹೋಗಿ ಇನ್ನೊಮ್ಮೆ ನೆನೆಸಿಕೊಂಡು ಸುಖಪಟ್ಟೆ.

ಒಂದು ಮಧ್ಯಾಹ್ನ ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ನೀ ಹನಿಗೆ ನೀರ ಹಾಕಾಕತ್ತಿ ಇಪ್ಪತ್ತೆರಡ ದಿನ ಆತು," ಎಂದರು. "ಮೊದಲನೇ ದಿನಾನ ಗೊತ್ತಾತು. ಬಾಟಲಿ ಎಷ್ಟ ಇತ್ತು ಅಂತ ನನಗ ನೆನಪಿರತೈತಲ್ಲ."

ನಾನು ಕೇಳಿದೆ: "ಮತ್ಯಾಕ ಸುಮ್ಮನ ಇದ್ರಿ?"

"ಆಗ ಸಿಟ್ಟ ಬರಲಿಲ್ಲ. ಹೆದರಿಕಿನೂ ಬರಲಿಲ್ಲ. ಈಗ ಬರಾಕತ್ತೈತಿ." ಅವರು ನನ್ನ ಕೈ ಹಿಡಿದುಕೊಂಡರು. "ನಿನ್ನೆ ರಾತ್ರಿ ಕೂಸಿನ ನೆನಪಾತು, ಕಸ್ತೂರಿ. ಎದಿ ಒಡದಂಗಾತು. ಇನ್ನ ನಾಕ ದಿನಕ್ಕ ನನಗ ಕೂಸೂ ನೆನಪಿರೂದಿಲ್ಲ, ನೀನೂ ನೆನಪಿರೂದಿಲ್ಲ. ಅದಕ್ಕ ನೆನಪಿದ್ದಾಗನ ಹೇಳತೀನಿ ಕೇಳ. ಮುಂದ ನಾ ಹನಿ ಬೇಕು ಅಂತ ಅತ್ತು ಕರದು ಮಾಡಿದ್ರೂ ಕೊಡಬ್ಯಾಡ. ಬೈದ್ರೂ ಕೊಡಬ್ಯಾಡ. ಎಲ್ಲಾ ನೆನಪಿಟ್ಟು ಏನೂ ಅನಸದಂಗ ಕೂಡೂದು ಸಾವು. ಅದರಾಗ ನಾ ಕೂತ ಬಂದೇನಿ."

ಇಬ್ಬರೂ ಅತ್ತೆವು. ಅವರ ಕಣ್ಣೀರಿನಲ್ಲಿ ಇನ್ನೂ ತುಸು ನೀಲಿ ಇತ್ತು. ಕರವಸ್ತ್ರದ ಆ ಕಲೆ ಒಗೆದರೂ ಹೋಗಿಲ್ಲ.

ಅಳತೆ ತಪ್ಪದೆ ಎಲ್ಲವೂ ಅವರು ಹೇಳಿದಂತೆಯೇ ನಡೆಯಿತು. ಪಿನ್‌ಕೋಡುಗಳು ಹೋದವು, ನೆರೆಮನೆ ಹೋಯಿತು, ಬಚ್ಚಲಿನ ದಾರಿ ಹೋಯಿತು. ಎರಡು ಸಲ ಹನಿಗಾಗಿ ಅತ್ತರು, ಒಂದು ಸಲ ತಂಬಿಗೆ ಎಸೆದರು. ಬೆಳಗಿನ ತೆಳು ಹನಿ ಬಿಟ್ಟು ನಾನು ಬೇರೇನೂ ಕೊಡಲಿಲ್ಲ. ಊರಿನಲ್ಲಿ ಅಷ್ಟರೊಳಗೆ ಹದಿನಾಲ್ಕು ಜನ ಕಟ್ಟೆಗಳ ಮೇಲೆ ಕೂತಲ್ಲೇ ಹೋಗಿದ್ದರು. ಉಳಿದವರು ಅವರ ಪಕ್ಕದಲ್ಲೇ ಕೂತಿರುತ್ತಿದ್ದರು. ದಾರಿಯಲ್ಲಿ ಹೋಗುವಾಗ ಯಾರು ಇದ್ದಾರೆ, ಯಾರು ಇಲ್ಲ ಎಂದು ತಿಳಿಯಲು ಒಬ್ಬೊಬ್ಬರ ಹೆಸರು ಹಿಡಿದು ಕರೆಯಬೇಕಾಗಿತ್ತು.

ನಿನ್ನೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಜಗುಲಿಯಲ್ಲಿ ಕೂತಿದ್ದೆವು. ಬೆಳಿಗ್ಗೆ ಹಾಕಿದ ಕಡೆಯ ತೆಳು ಹನಿಯ ನೀಲಿ ಅವರ ಉಗುರಿನಿಂದ ಹದಿನೆಂಟು ನಿಮಿಷಕ್ಕೆ ಹೋಗಿತ್ತು. ಡೇರಿಯ ಲೆಕ್ಕದಲ್ಲಿ ಕಳಪೆಗಿಂತಲೂ ಕಳಪೆ. ಚರಂಡಿಯ ಕಡೆಯಿಂದ ಒಂದು ಸೊಳ್ಳೆ ಬಂತು. ಗುಂಯ್ ಎಂದು ಅವರ ಕಿವಿಯ ಸುತ್ತ ತಿರುಗಿತು. ತೋಳಿನ ಮೇಲೆ ಕೂತಿತು. ಸೊಳ್ಳೆ ಮೈಬಿಸಿ ಹುಡುಕಿಯೇ ಬರುತ್ತದಲ್ಲ. ಅದರ ಹೊಟ್ಟೆ ನಿಧಾನವಾಗಿ ಕೆಂಪಾಗುವುದನ್ನು ನೋಡಿದೆ.

ಯಜಮಾನರು ಫಟ್ಟನೆ ಹೊಡೆದರು. "ಥೂ ಇದರ, ಏನ ಸೊಳ್ಳಿನಪಾ ಈ ಊರಾಗ!" ಎಂದು ತೋಳು ಕೆರೆದುಕೊಂಡರು. ಅಲ್ಲಿ ಒಂದು ಚುಕ್ಕೆ ರಕ್ತ, ಕೆಂಪಗೆ.

ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಅವರು ನನ್ನ ಕಡೆ ತಿರುಗಿ ಸ್ವಲ್ಪ ಸಂಕೋಚದಿಂದ ನಕ್ಕರು. ಕನ್ನಡಕ ಸಿಕ್ಕ ದಿನದ ನಗು. "ಯಾಕ್ರೀ ಬಾಯಾರ, ಅಳಾಕತ್ತೀರಿ? ಯಾರ ಪೈಕಿ ನೀವು?"

"ನಿಮ್ಮ ಪೈಕಿನ್ರಿ," ಎಂದೆ.

"ಹಂಗಾರ ಒಳಗ ನಡೀರಿ, ಇಲ್ಲಿ ಸೊಳ್ಳಿ ಭಾಳ," ಎಂದು ಎದ್ದು ಹೋದರು.

ನಾನು ಹೋಗಲಿಲ್ಲ. ನನ್ನ ನೀಲಿ ಇನ್ನೂ ಎರಡು ತಾಸು ನಿಲ್ಲುತ್ತದೆ. ಸೀರೆಯ ಸೆರಗು ಸರಿಸಿ, ಎರಡೂ ತೋಳು ಬರಿದು ಮಾಡಿ ಕತ್ತಲಿಗೆ ಚಾಚಿ ಕೂತೆ. ಸುತ್ತ ಸೊಳ್ಳೆಗಳ ಸದ್ದು ಕೇಳುತ್ತಿತ್ತು. ಒಂದೂ ಕೂರಲಿಲ್ಲ. ಇವತ್ತೂ ಹಾಗೆಯೇ ಕೂತಿದ್ದೇನೆ.